ಸೇರು ತುಂಬಿದರೆ ಸಾಲದು, ತೂಕ ತಿಳಿದಿರಬೇಕು: ಹುಲ್ಲಿಗೆ ಯೂರಿಯಾ ಬಳಸುವ ಮುನ್ನ ಒಂದು ಪಾಠ



ಬೇಸಿಗೆಯಲ್ಲಿ ಹಸಿರು ಮೇವು ಕಡಿಮೆಯಾದಾಗ ಬಣವೆಯ ರಾಗಿಹುಲ್ಲು, ಭತ್ತದ ಹುಲ್ಲೇ ನಮಗೆ ಆಧಾರ. ಈ ಒಣಹುಲ್ಲಿಗೆ ಯೂರಿಯಾ ಉಪಚಾರ ಮಾಡಿದರೆ ಹುಲ್ಲು ಮೆದುವಾಗುತ್ತದೆ, ಹಸು ಹೆಚ್ಚು ತಿನ್ನುತ್ತದೆ, ಪ್ರೋಟೀನ್ ಅಂಶವೂ ಹೆಚ್ಚುತ್ತದೆ. ಆದರೆ ಅದೇ ಯೂರಿಯಾ ಪ್ರಮಾಣ ಮೀರಿದರೆ ವಿಷ. ಶಿಫಾರಸು ಇರುವುದು ಕಿಲೋ ಲೆಕ್ಕದಲ್ಲಿ. ನಾವು ಅಳೆಯುವುದು ಮಾತ್ರ ಸೇರಿನಲ್ಲಿ, ಚೊಂಬಿನಲ್ಲಿ, ಕೆಲವೊಮ್ಮೆ ಬೊಗಸೆಯಲ್ಲಿ. ಅಳತೆಯನ್ನು ತೂಕಕ್ಕೆ ತರುವ ದಾರಿಯೇ ಸಾಂದ್ರತೆ. ಅದನ್ನು ಮನೆಯಲ್ಲೇ ಕಂಡುಹಿಡಿಯುವುದು ಹೇಗೆಂದು ಈ ತಿಂಗಳು ಕಲಿಯೋಣ.

ಸಾಂದ್ರತೆ ಎಂದರೇನು?

ಒಂದು ಸೇರು ರಾಗಿ, ಒಂದು ಸೇರು ಬೂಸಾ ಎರಡನ್ನೂ ಎತ್ತಿ ನೋಡಿ. ಅಳತೆ ಒಂದೇ, ತೂಕ ಬೇರೆ. ಒಂದೇ ಅಳತೆಯಲ್ಲಿ ಎಷ್ಟು ತೂಕ ಹಿಡಿದಿದೆ ಎಂಬುದೇ ಆ ವಸ್ತುವಿನ ಸಾಂದ್ರತೆ.

ನಿಮಗಿದು ಹೊಸದೇನಲ್ಲ. ಸಂಘದಲ್ಲಿ ಲ್ಯಾಕ್ಟೋಮೀಟರ್ ತೋರಿಸುವುದೂ ಇದನ್ನೇ. ಲ್ಯಾಕ್ಟೋಮೀಟರ್ 30 ತೋರಿಸಿದರೆ ಹಾಲಿನ ಸಾಂದ್ರತೆ 1.030, ಅಂದರೆ ಒಂದು ಲೀಟರ್ ಹಾಲಿನ ತೂಕ 1030 ಗ್ರಾಂ. ಒಂದು ಲೀಟರ್ ನೀರು ಸುಮಾರು 1000 ಗ್ರಾಂ. ಅಡುಗೆ ಎಣ್ಣೆ ಸುಮಾರು 920 ಗ್ರಾಂ, ಕಬ್ಬಿನ ಕಾಕಂಬಿ ಸುಮಾರು 1400 ಗ್ರಾಂ. "ಒಂದು ಲೀಟರ್ ಎಂದರೆ ಒಂದು ಕಿಲೋ" ಎಂಬ ಮಾತು ನೀರಿಗೆ ಸರಿ. ಬೇರೆ ವಸ್ತುಗಳಿಗೆ ಅದನ್ನೇ ಹಚ್ಚಿದರೆ ತಪ್ಪಾಗುತ್ತದೆ.

ಯೂರಿಯಾಕ್ಕೆ ಎರಡು ಲೆಕ್ಕ

ಪುಸ್ತಕದಲ್ಲಿ ಯೂರಿಯಾದ ಸಾಂದ್ರತೆ ಸುಮಾರು 1.32 ಎಂದಿರುತ್ತದೆ. ಹಾಗಾದರೆ ಲೀಟರ್ ಡಬ್ಬಿಯಲ್ಲಿ 1320 ಗ್ರಾಂ ಯೂರಿಯಾ ಹಿಡಿಯುತ್ತದೆಯೇ? ಇಲ್ಲ, ಹಿಡಿಯುವುದು ಸುಮಾರು 750 ಗ್ರಾಂ ಮಾತ್ರ. ಪುಸ್ತಕದ ಲೆಕ್ಕ ಕಾಳಿನೊಳಗಿನ ಗಟ್ಟಿ ಯೂರಿಯಾದ್ದು. ಡಬ್ಬಿಯಲ್ಲಿ ಕಾಳಿನ ನಡುವೆ ಗಾಳಿಯೂ ಜಾಗ ಹಿಡಿದಿರುತ್ತದೆ. ಗಾಳಿಯ ಜಾಗವೂ ಸೇರಿದ ಈ ಲೆಕ್ಕಕ್ಕೆ ರಾಶಿ ಸಾಂದ್ರತೆ ಎನ್ನುತ್ತಾರೆ. ನಮಗೆ ಬೇಕಾದ್ದು ಇದೇ.

ರಾಶಿ ಸಾಂದ್ರತೆ ಎಲ್ಲ ಚೀಲಕ್ಕೂ ಒಂದೇ ಇರುವುದಿಲ್ಲ. ಕಾಳು ಪುಡಿಯಾಗಿದ್ದರೆ, ಡಬ್ಬಿಯನ್ನು ಕುಟ್ಟಿ ತುಂಬಿದರೆ, ತೇವ ಹಿಡಿದು ಗಂಟಾಗಿದ್ದರೆ ತೂಕ ಬದಲಾಗುತ್ತದೆ. ಆದ್ದರಿಂದ ನಿಮ್ಮ ಡಬ್ಬಿ, ನಿಮ್ಮ ಚೀಲ ಇವೆರಡನ್ನೂ ನೀವೇ ತೂಗಿ ನೋಡಬೇಕು.

ಮನೆಯಲ್ಲೇ ಕಂಡುಹಿಡಿಯುವ ಕ್ರಮ

ಬೇಕಾದದ್ದು: ಅಡುಗೆಗೆ ಬಳಸದ ಒಂದು ಗಟ್ಟಿ ಡಬ್ಬಿ, ತೂಗುಹಾಕುವ ಡಿಜಿಟಲ್ ತಕ್ಕಡಿ, ಒಂದು ನೇರವಾದ ಕಡ್ಡಿ. ಹಾಲು ತೂಗುವ ಸಂಘದ ತಕ್ಕಡಿಯ ಹತ್ತಿರ ಯೂರಿಯಾ ತರಬೇಡಿ. ಸ್ವಸಹಾಯ ಗುಂಪಿಗೆ ಒಂದು ತೂಗುತಕ್ಕಡಿ ಇದ್ದರೆ ಎಲ್ಲರಿಗೂ ಸಾಕು.

1. ಒಣಗಿದ ಖಾಲಿ ಡಬ್ಬಿಯನ್ನು ತೂಗಿ ಬರೆದುಕೊಳ್ಳಿ. ಉದಾಹರಣೆಗೆ 200 ಗ್ರಾಂ.
2. ಗಂಟಿಲ್ಲದ ಯೂರಿಯಾವನ್ನು ಮೆಲ್ಲಗೆ ಸುರಿಯಿರಿ. ಕುಟ್ಟಬೇಡಿ, ಅಲ್ಲಾಡಿಸಬೇಡಿ. ಮೇಲಿನ ಕೋಡನ್ನು ಕಡ್ಡಿಯಿಂದ ಸಮ ಮಾಡಿ ತೂಗಿ. ಈಗ 950 ಗ್ರಾಂ ಬಂದರೆ ಯೂರಿಯಾದ ತೂಕ 750 ಗ್ರಾಂ.
3. ಇದನ್ನೇ ಮೂರು ಸಲ ಮಾಡಿ ಸರಾಸರಿ ತೆಗೆಯಿರಿ.
4. ಯೂರಿಯಾ ತೆಗೆದು, ಡಬ್ಬಿ ತೊಳೆದು, ಅಂಚಿನವರೆಗೆ ನೀರು ತುಂಬಿ ತೂಗಿ. 1200 ಗ್ರಾಂ ಬಂದರೆ ನೀರಿನ ತೂಕ 1000 ಗ್ರಾಂ. ಅಂದರೆ ಅದು ಒಂದು ಲೀಟರಿನ ಡಬ್ಬಿ.
5. ಯೂರಿಯಾದ ತೂಕವನ್ನು ನೀರಿನ ತೂಕದಿಂದ ಭಾಗಿಸಿ. 750 ಭಾಗಿಸು 1000 ಎಂದರೆ 0.75. ಇದೇ ನಿಮ್ಮ ಚೀಲದ ರಾಶಿ ಸಾಂದ್ರತೆ.

ಡಬ್ಬಿಯ ಮೇಲೆ ಅಳಿಸಿಹೋಗದ ಬಣ್ಣದಲ್ಲಿ "ಯೂರಿಯಾ, ಸಮ ಅಳತೆ, 750 ಗ್ರಾಂ" ಎಂದು ಬರೆಯಿರಿ. ಹೊಸ ಚೀಲ ಒಡೆದಾಗ ಒಮ್ಮೆ ತೂಗಿ ನೋಡಿ. ಚೀಲದ ಅಂದಾಜಿನ ಮೇಲೂ ಹೋಗಬೇಡಿ. ಮೊದಲು 50 ಕಿಲೋ ಇದ್ದ ಯೂರಿಯಾ ಚೀಲ 2018ರಿಂದ 45 ಕಿಲೋ ಆಗಿದೆ. "ಅರ್ಧ ಚೀಲ" ಎಂಬ ಹಳೆಯ ಲೆಕ್ಕ ಈಗ ನಡೆಯದು.

ತಪ್ಪು ಎಲ್ಲಿ ಆಗುತ್ತದೆ?

ಉಪಚಾರಕ್ಕೆ 100 ಕಿಲೋ ಒಣಹುಲ್ಲಿಗೆ 4 ಕಿಲೋ ಯೂರಿಯಾ, ಸುಮಾರು 50 ಲೀಟರ್ ನೀರು. ಒಬ್ಬರ ಮನೆಯಲ್ಲಿ ಒಂದೂವರೆ ಲೀಟರ್ ಡಬ್ಬಿಯನ್ನು "ಕಿಲೋ ಡಬ್ಬಿ" ಎಂದು ನಂಬಿದ್ದಾರೆ ಎಂದುಕೊಳ್ಳಿ. ನಾಲ್ಕು ಡಬ್ಬಿ ಎಂದರೆ 6 ಲೀಟರ್, ತೂಕದಲ್ಲಿ ನಾಲ್ಕೂವರೆ ಕಿಲೋ. ಹತ್ತು ಹೊರೆ ಹುಲ್ಲನ್ನು 100 ಕಿಲೋ ಎಂದು ಲೆಕ್ಕ ಹಿಡಿದರು. ತೂಗಿದರೆ ಹೊರೆಗೆ 7 ಕಿಲೋ ಮಾತ್ರ, ಒಟ್ಟು 70 ಕಿಲೋ. ನೂರಕ್ಕೆ 4 ಇರಬೇಕಾದ ಕಡೆ 6ಕ್ಕಿಂತ ಹೆಚ್ಚಾಯಿತು. ಎರಡೂ ಸಣ್ಣ ಅಂದಾಜುಗಳೇ, ಸೇರಿದಾಗ ದೊಡ್ಡದಾದವು. ಆದ್ದರಿಂದ ಹುಲ್ಲನ್ನೂ ತೂಗಿ. ನಾಲ್ಕೈದು ಹೊರೆ ತೂಗಿ ಸರಾಸರಿ ತೆಗೆದರೂ ಸಾಕು.

ಕಡಿಮೆ ಹಾಕಿದರೂ ನಷ್ಟವೇ. ಹುಲ್ಲು ಸರಿಯಾಗಿ ಮೆದುವಾಗದೆ ಬೂಷ್ಟು ಹಿಡಿಯಬಹುದು.

ಡ್ರಮ್ಮಿನ ನೀರಿನ ಮೇಲೆ ಕಣ್ಣಿರಲಿ

ಯೂರಿಯಾಕ್ಕೆ ಒಗ್ಗದ ಹಸುವಿಗೆ, ಅದರ ದೇಹತೂಕದ ಪ್ರತಿ ಕಿಲೋಗೆ 0.3ರಿಂದ 0.5 ಗ್ರಾಂ ಯೂರಿಯಾ ಒಮ್ಮೆಲೇ ಹೊಟ್ಟೆಗೆ ಹೋದರೂ ತೊಂದರೆಯಾಗಬಹುದು. ಕಿಲೋಗೆ 1ರಿಂದ 1.5 ಗ್ರಾಂ ಜೀವಕ್ಕೇ ಅಪಾಯ. 400 ಕಿಲೋ ತೂಗುವ ಸೀಮೆಹಸುವಿಗೆ 400 ಗ್ರಾಂ ಸಾವು ತರಬಲ್ಲದು.

50 ಲೀಟರ್ ನೀರಿನಲ್ಲಿ 4 ಕಿಲೋ ಕರಗಿಸಿದ ದ್ರಾವಣದ ಪ್ರತಿ ಲೀಟರಿನಲ್ಲೂ ಸುಮಾರು 80 ಗ್ರಾಂ ಯೂರಿಯಾ ಇರುತ್ತದೆ. ಐದು ಲೀಟರ್ ಕುಡಿದರೆ 400 ಗ್ರಾಂ ಆಯಿತು! ಬಾಯಾರಿದ ಹಸುವಿಗೆ ಐದು ಲೀಟರ್ ಎಷ್ಟು ಹೊತ್ತಿನ ಕೆಲಸ? ನೋಡಲು ಅದು ನೀರಿನಂತೆಯೇ ಇರುತ್ತದೆ. ಹಗ್ಗ ಬಿಚ್ಚಿಕೊಂಡ ಹಸು ಡ್ರಮ್ಮಿಗೆ ಬಾಯಿ ಹಾಕಿದರೆ ಸಾಕು. ಕರಗಿಸುವ ಕೆಲಸ ಕೊಟ್ಟಿಗೆಯಿಂದ ದೂರ ಇರಲಿ. ಉಳಿದ ದ್ರಾವಣ ಬಿಡದೆ ಎಲ್ಲವನ್ನೂ ಹುಲ್ಲಿಗೆ ಸಮವಾಗಿ ಚಿಮುಕಿಸಿ. ಪಾತ್ರೆಗಳನ್ನು ತೊಳೆದು ಕವುಚಿ ಇಡಿ. ಯೂರಿಯಾ ಪೂರ್ತಿ ಕರಗಿರಬೇಕು. ಗಂಟು ಹುಲ್ಲಿನಲ್ಲಿ ಉಳಿದರೆ ಒಂದೇ ಹಸುವಿನ ಬಾಯಿಗೆ ಹೋಗುತ್ತದೆ.

ಹುಲ್ಲನ್ನು ತುಳಿದು ಗಾಳಿಯಾಡದಂತೆ 21 ದಿನ ಮುಚ್ಚಿಡಿ. ತೆಗೆದ ಮೇಲೆ ಹರಡಿ, ಘಾಟು ಹೋಗುವವರೆಗೆ ಗಾಳಿಗೆ ಬಿಟ್ಟು ನಂತರ ಹಾಕಿ. ಮೊದಲ ವಾರ ಸ್ವಲ್ಪ ಸ್ವಲ್ಪವೇ ರೂಢಿ ಮಾಡಿಸಿ. ಆರು ತಿಂಗಳೊಳಗಿನ ಕರುಗಳಿಗೆ ಬೇಡ.

ವಿಷವಾದರೆ ಗುರುತಿಸುವುದು ಹೇಗೆ?

ಅರ್ಧ ಗಂಟೆ, ಒಂದು ಗಂಟೆಯೊಳಗೇ ಲಕ್ಷಣ ಕಾಣಬಹುದು: ಜೊಲ್ಲು ಸುರಿಯುವುದು, ಮೈ ನಡುಗುವುದು, ಹೊಟ್ಟೆ ಉಬ್ಬರ, ಏದುಸಿರು, ತೂರಾಡುತ್ತಾ ಬೀಳುವುದು. ಕಾಯದೆ ಪಶುವೈದ್ಯರಿಗೆ ಅಥವಾ 1962ಕ್ಕೆ ಕರೆ ಮಾಡಿ. ಎಷ್ಟು ಯೂರಿಯಾ ಹೋಗಿರಬಹುದೆಂದು ಹೇಳಿ. ಡಬ್ಬಿಯ ಲೆಕ್ಕ ಆಗಲೂ ನೆರವಾಗುತ್ತದೆ. ಹಸು ನಿಂತಿದ್ದು ಚೆನ್ನಾಗಿ ನುಂಗುತ್ತಿದ್ದರೆ ವೈದ್ಯರ ಸಲಹೆಯಂತೆ ತಣ್ಣೀರು ಮತ್ತು ವಿನೆಗರ್ ಕುಡಿಸಬಹುದು. ತಣ್ಣೀರು ಅಮೋನಿಯಾ ಹುಟ್ಟುವುದನ್ನು ನಿಧಾನ ಮಾಡುತ್ತದೆ, ವಿನೆಗರ್ ಅದು ರಕ್ತಕ್ಕೆ ಸೇರುವುದನ್ನು ತಗ್ಗಿಸುತ್ತದೆ. ನಡುಗಿ ಬಿದ್ದಿರುವ ಹಸುವಿನ ಬಾಯಿಗೆ ಏನನ್ನೂ ಹುಯ್ಯಬೇಡಿ. ಅದು ಶ್ವಾಸಕೋಶಕ್ಕೆ ಇಳಿಯುತ್ತದೆ.

ಬೇರೆ ರಾಸಾಯನಿಕಗಳಿಗೂ ಇದೇ ಪಾಠ

ಯೂರಿಯಾ ಡಬ್ಬಿಯಲ್ಲಿ ಮೈಲುತುತ್ತ ಅಳೆಯಬೇಡಿ. ಮೈಲುತುತ್ತದ ಹರಳು ಬಹಳ ಭಾರ. ಡಬ್ಬಿಯ ಮೇಲಿನ 750 ಗ್ರಾಂ ಅದಕ್ಕೆ ಹೊಂದುವುದಿಲ್ಲ. ಗೊರಸು ಅದ್ದಲು ಮಾಡುವ ನೂರಕ್ಕೆ 5ರ ದ್ರಾವಣಕ್ಕೆ ಲೀಟರ್ ನೀರಿಗೆ 50 ಗ್ರಾಂ ತೂಗಿಯೇ ಹಾಕಿ. ಉಣ್ಣೆಗೆ ಬಳಸುವ ಔಷಧಿಯ ಚೀಟಿಯಲ್ಲಿ ಮಿಲಿ ಎಂದಿದ್ದರೆ ಮಿಲಿಯಲ್ಲೇ ಅಳೆಯಿರಿ.

ಸಂಘದಲ್ಲಿ ಗರ್ಬರ್ ವಿಧಾನದಿಂದ ಕೊಬ್ಬು ಪರೀಕ್ಷೆ ಮಾಡುವ ಸಹೋದರಿಯರಿಗೆ ಒಂದು ಮಾತು. ಆ ಸಲ್ಫ್ಯೂರಿಕ್ ಆಮ್ಲದ ಸಾಂದ್ರತೆ 27 ಡಿಗ್ರಿ ಸೆಲ್ಸಿಯಸ್‌ನಲ್ಲಿ 1.807ರಿಂದ 1.812 ಇರಬೇಕು. ಐದು ಲೀಟರ್ ಆಮ್ಲವೇ 9 ಕಿಲೋ ತೂಗುತ್ತದೆ, ಹಾಲಿನ ಕ್ಯಾನಿನಂತೆ ಒಂದೇ ಕೈಯಲ್ಲಿ ಎತ್ತಬೇಡಿ. ಆಮ್ಲಕ್ಕೆ ಎಂದೂ ನೀರು ಹುಯ್ಯಬೇಡಿ. ಹಗುರವಾದ ನೀರು ಮೇಲೇ ನಿಂತು, ಕುದಿದು, ಮುಖಕ್ಕೆ ಸಿಡಿಯುತ್ತದೆ.

ನೀವೇ ಮಾಡಿ ನೋಡಿ

ಖಾಲಿ ಡಬ್ಬಿ 150 ಗ್ರಾಂ. ಯೂರಿಯಾ ತುಂಬಿದಾಗ 1290 ಗ್ರಾಂ. ನೀರು ತುಂಬಿದಾಗ 1650 ಗ್ರಾಂ. ರಾಶಿ ಸಾಂದ್ರತೆ ಎಷ್ಟು? 4 ಕಿಲೋಗೆ ಎಷ್ಟು ಡಬ್ಬಿ?

ಉತ್ತರ: 1140 ಭಾಗಿಸು 1500, ಅಂದರೆ 0.76. ಡಬ್ಬಿಗೆ 1140 ಗ್ರಾಂ ಹಿಡಿಯುವುದರಿಂದ ಸುಮಾರು ಮೂರೂವರೆ ಡಬ್ಬಿ. ಲೆಕ್ಕ ಸರಿ ಬಂದವರು ಪಕ್ಕದ ಮನೆಯವರಿಗೂ ಹೇಳಿಕೊಡಿ.