ಮಳಿ ಘಟ್ಟದಾಗ, ಹೊಳಿ ನಮ್ಮೂರಾಗ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯ ನಮಗೆಲ್ಲ ಒಂದು ಪ್ರಶ್ನೆ ಇದ್ದೇ ಇರುತ್ತದೆ: ಊರಾಗ ಹನಿ ಮಳಿ ಇಲ್ಲ, ಆದ್ರೂ ಹೊಳಿ ಯಾಕ ತುಂಬಿ ಬರ್ತದ?

ಉತ್ತರ ಪಶ್ಚಿಮ ಘಟ್ಟದಲ್ಲಿದೆ. ಅರಬ್ಬಿ ಸಮುದ್ರದ ತೇವಗಾಳಿ ಈ ಬೆಟ್ಟಸಾಲಿಗೆ ಬಡಿದು ಮೇಲೇರುತ್ತದೆ, ತಣ್ಣಗಾಗಿ ಮೋಡ ಕಟ್ಟಿ ಅಲ್ಲೇ ಸುರಿಯುತ್ತದೆ. ಮಹಾರಾಷ್ಟ್ರದ ಮಹಾಬಲೇಶ್ವರದಲ್ಲಿ ವರ್ಷಕ್ಕೆ 5000 ಮಿ.ಮೀ.ಗೂ ಹೆಚ್ಚು ಮಳೆ. ಘಟ್ಟ ದಾಟಿ ಪೂರ್ವಕ್ಕೆ ಇಳಿಯುವ ಗಾಳಿ ಬಿಸಿಯಾಗಿ ಒಣಗುತ್ತದೆ. ಹಂಗಾಗಿ ಮಳೆನೆರಳಿನಲ್ಲಿರುವ ನಮಗೆ ಸಿಗೋದು 600 ಮಿ.ಮೀ. ಆಸುಪಾಸು ಮಾತ್ರ.

ಆದರೆ ನೆಲದ ಇಳಿಜಾರೂ ಪೂರ್ವಕ್ಕೇ ಇದೆ. ಕೃಷ್ಣೆ ಮಹಾಬಲೇಶ್ವರದ ಬಳಿ ಹುಟ್ಟಿ ರಬಕವಿ, ಜಮಖಂಡಿ ಸೀಮೆಗೆ ಬರುತ್ತಾಳೆ. ಘಟಪ್ರಭೆಯೂ ಘಟ್ಟದಲ್ಲೇ ಹುಟ್ಟಿ ಮುಧೋಳದ ಮೇಲೆ ಹಾದು, ಬೀಳಗಿ ತಾಲ್ಲೂಕಿನ ಚಿಕ್ಕಸಂಗಮದಲ್ಲಿ ಅವಳನ್ನು ಕೂಡುತ್ತಾಳೆ. 2019ರ ಆಗಸ್ಟ್‌ನಲ್ಲಿ ಎರಡೂ ಹೊಳಿ ಉಕ್ಕಿ ದಂಡೆಯ ಊರುಗಳಿಗೆ ನೀರು ನುಗ್ಗಿತು.

ಅದಕ್ಕೇ ಮಳೆಗಾಲದಲ್ಲಿ ನಮ್ಮ ಮುಗಿಲನ್ನಷ್ಟೇ ನೋಡಿದರೆ ಸಾಲದು. ಘಟ್ಟದ ಮಳೆ ಎಷ್ಟು, ಕೊಯ್ನಾ ಮತ್ತು ಹಿಡಕಲ್ ಡ್ಯಾಮ್‌ನಿಂದ ಬಿಟ್ಟ ನೀರೆಷ್ಟು ಅಂತಲೂ ನೋಡಬೇಕು. ಆ ನೀರು ಇಲ್ಲಿಗೆ ಮುಟ್ಟೋಕೆ ಹೊತ್ತು ಹಿಡಿಯುತ್ತದೆ. ಅಷ್ಟರೊಳಗೆ ದನಕರು, ಕಾಳುಕಡಿ, ಪಂಪ್‌ಸೆಟ್ ಎತ್ತರಕ್ಕೆ ಸಾಗಿಸಬಹುದು. ನಾವು ಓದೋ ಭೂಗೋಳ ಮನೆಗೆ ಉಪಯೋಗ ಆಗೋದು ಇಲ್ಲೇ.