ರಾಜೀನಾಮೆಗೆ ಸಹಿ ಹಾಕಬೇಡ, ತಮ್ಮಾ

ಕೊಡಿಕೊಂಡ ಚೆಕ್‌ಪೋಸ್ಟ್‌ನಲ್ಲಿ ಬಸ್ಸು ಹತ್ತಿ ಹಿಂದೂಪುರ, ಪೆನುಕೊಂಡ ಕಡೆಯ ಫ್ಯಾಕ್ಟರಿಗಳಿಗೆ ದುಡಿಯಲು ಹೋಗುವವನೇ, ನಿನಗೂ ನಿನ್ನ ಜೊತೆಯ ಹೆಣ್ಣುಮಕ್ಕಳಿಗೂ ಈ ಮಾತು. ರಕ್ತದಲ್ಲಿ ಎಚ್‌ಐವಿ ಕಂಡಿತೆಂದರೆ ಕೆಲಸ ಹೋಯಿತೆಂದು ನೀವೇ ತೀರ್ಮಾನಿಸಬೇಡಿ.

• ನೇರವಾಗಿ ತೆಗೆದುಹಾಕುವವರು ಕಡಿಮೆ. ಒಳಗೆ ಕರೆದು, "ನೀನೇ ಬಿಟ್ಟುಬಿಡು, ವಿಷಯ ಹೊರಗೆ ಹೋಗಲ್ಲ" ಅನ್ನುತ್ತಾರೆ. ಮುಂದಿಡುವ ರಾಜೀನಾಮೆ ಕಾಗದಕ್ಕೆ ಸಹಿ ಹಾಕಬೇಡ. ಹಾಕಿದರೆ ಸ್ವಂತ ಇಚ್ಛೆಯಿಂದ ಬಿಟ್ಟೆ ಅಂತಾಗುತ್ತದೆ. "ಮನೇಲಿ ಕೇಳಿ ಹೇಳ್ತೀನಿ ಸಾರ್" ಎಂದು ಎದ್ದು ಬಾ. ತೆಗೆಯುವುದಿದ್ದರೆ ಅವರೇ ಬರೆದುಕೊಡಲಿ.

• 2017ರ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಇಲ್ಲಿಗೂ ಅದೇ, ಗಡಿ ದಾಟಿ ಗೌರಿಬಿದನೂರಿಗೆ ಹೋದರೂ ಅದೇ. ಸೋಂಕಿದೆ ಎಂದು ತೆಗೆಯಬೇಕಾದರೆ, ನಿನ್ನಿಂದ ಇತರರಿಗೆ ಗಂಭೀರ ಅಪಾಯವಿದೆ ಅಥವಾ ಆ ಕೆಲಸ ನಿನ್ನಿಂದಾಗದು ಎಂದು ಸ್ವತಂತ್ರ ವೈದ್ಯರು ಬರೆದ ವರದಿಯನ್ನು ಮಾಲೀಕರು ನಿನ್ನ ಕೈಗೆ ಕೊಡಬೇಕು; ನಿನಗೆ ಅನುಕೂಲ ಮಾಡಿಕೊಟ್ಟು ಉಳಿಸಿಕೊಂಡರೆ ತಮಗಾಗುವ ತೊಂದರೆ ಏನೆಂದೂ ಬರೆದುಕೊಡಬೇಕು. ಪಕ್ಕದ ಮಿಷಿನ್‌ನಲ್ಲಿ ಹೊಲಿಯುವುದರಿಂದ, ಒಂದೇ ಡಬ್ಬಿಯಲ್ಲಿ ಉಣ್ಣುವುದರಿಂದ ಎಚ್‌ಐವಿ ಅಂಟುವುದಿಲ್ಲ. ಅಂಥ ವರದಿ ಯಾವ ವೈದ್ಯರು ಬರೆದಾರು?

• ಕೆಲಸಕ್ಕೆ ಸೇರಲು ಎಚ್‌ಐವಿ ಪರೀಕ್ಷೆ ಕಡ್ಡಾಯ ಮಾಡುವಂತಿಲ್ಲ. ಮೆಡಿಕಲ್ ಎಂದು ರಕ್ತ ತೆಗೆಯುವಾಗ ಯಾವ ಯಾವ ಪರೀಕ್ಷೆಗೆಂದು ಕೇಳು.

• ಸೂಪರ್‌ವೈಸರ್‌ಗೆ ಸೋಂಕಿನ ವಿಷಯ ಹೇಳಲೇಬೇಕೆಂದೇನೂ ಇಲ್ಲ. ಕೋರ್ಟಿನ ಆದೇಶವಿಲ್ಲದೆ ಯಾರೂ ಬಲವಂತ ಮಾಡುವಂತಿಲ್ಲ.

• ಸೋಂಕಿತರಿರುವ ಮನೆಯವನೆಂದು ನಿನ್ನ ತಮ್ಮನನ್ನು ಕೆಲಸದಿಂದ ತೆಗೆದರೂ ಅದೇ ಕಾಯ್ದೆ ಕಾಯುತ್ತದೆ. ಇದು ಎಷ್ಟೋ ಜನರಿಗೆ ಗೊತ್ತೇ ಇಲ್ಲ.

• ಶಿಫ್ಟ್ ಬದಲಾದರೂ ಎಚ್‌ಐವಿ ಮಾತ್ರೆ ತಪ್ಪಿಸಬೇಡ. ಎಆರ್‌ಟಿ ಕೇಂದ್ರಗಳಲ್ಲಿ ಅದು ಉಚಿತ. ಬತ್ತಲಪಲ್ಲಿಯ ಆರ್‌ಡಿಟಿ ಆಸ್ಪತ್ರೆ ಎಷ್ಟೋ ವರ್ಷಗಳಿಂದ ನಮ್ಮ ಸೀಮೆಯವರನ್ನು ನೋಡಿಕೊಂಡಿದೆ. ಮಾತ್ರೆ ಸರಿಯಾಗಿ ನುಂಗಿ ವೈರಸ್ ಪರೀಕ್ಷೆಗೆ ಸಿಗದಷ್ಟು ಇಳಿದರೆ, ಸಂಗಾತಿಗೂ ದೇಹಸಂಪರ್ಕದಿಂದ ಹರಡದು.

• ಯಾರು ಏನಂದರು, ಯಾವ ದಿನ, ಯಾರೆದುರಿಗೆ ಎಂದು ಅಂದೇ ಬರೆದಿಡು. ಹಾಜರಿ ಚೀಟಿ, ಸಂಬಳದ ಸ್ಲಿಪ್, ವಾಟ್ಸ್‌ಆ್ಯಪ್ ಸಂದೇಶ ಯಾವುದನ್ನೂ ಅಳಿಸಬೇಡ.

• ನೂರು ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಕಡೆ ದೂರು ಅಧಿಕಾರಿ ಇರಲೇಬೇಕು. ಅಲ್ಲಿ ಆಗದಿದ್ದರೆ ರಾಜ್ಯದ ಒಂಬುಡ್ಸ್‌ಮನ್. ದೂರು ತಲುಪಿದ 30 ದಿನದೊಳಗೆ ಅವರು ಆದೇಶ ಕೊಡಬೇಕು. ಕೋರ್ಟಿಗೆ ಹೋದರೆ ಹೆಸರು ಬಯಲಾಗುವ ಭಯ ಬೇಡ, ಅದನ್ನು ಮರೆಮಾಡಲು ಕೇಳಬಹುದು. 1997ರಲ್ಲಿ ಬಾಂಬೆ ಹೈಕೋರ್ಟಿನಲ್ಲಿ ಇಂಥದೇ ಮೊಕದ್ದಮೆ ಗೆದ್ದ ದಿನಗೂಲಿ ಕಾರ್ಮಿಕ ಇಂದಿಗೂ ದಾಖಲೆಯಲ್ಲಿ "ಎಂಎಕ್ಸ್" ಅಷ್ಟೇ. ಉಚಿತ ವಕೀಲರಿಗೆ 15100, ಎಚ್‌ಐವಿ ಸಲಹೆಗೆ 1097 ಒತ್ತು. ಇವತ್ತೇ ಒತ್ತು.