ಸಾಕಿದ ಹಕ್ಕಿ ಹಾರಿ ಹೋಗದಂತೆ ಏನು ಮಾಡಬೇಕು?



ನಮ್ಮ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆ ಕೆಲವು ಮನೆಗಳಲ್ಲಿ ಬಣ್ಣದ ಸಣ್ಣ ಹಕ್ಕಿಗಳನ್ನು ಪಂಜರದಲ್ಲಿ ಸಾಕುತ್ತಾರೆ. ನಮ್ಮ ಮನೆಯಲ್ಲಿಯೂ ಎರಡು ಇದ್ದವು. ಹೋದ ಶ್ರಾವಣದಾಗ ನೀಲಿ ಬಣ್ಣದ್ದು ಹಾರಿ ಹೋಯಿತು.

ನೀರಿನ ಬಟ್ಟಲು ಬದಲಿಸಲಿಕ್ಕೆ ನನ್ನ ತಂಗಿ ಪಂಜರದ ಬಾಗಿಲು ತೆಗೆಯುವವಳಿದ್ದಳು. "ಅಣ್ಣಾ, ತಲಬಾಗಲಾ ಹಾಕೀಯೇನು?" ಅಂತ ಕೇಳಿದಳು. ನಾನು ಆಟಕ್ಕೆ ಹೋಗುವ ಅವಸರದಾಗ "ಹ್ಞೂಂ, ಹಾಕೀನಿ" ಅಂದೆ. ಹಾಕಿರಲಿಲ್ಲ. ಹಕ್ಕಿ ಅವಳ ಕೈ ಮೇಲಿಂದ ಹಾರಿ, ಪಡಸಾಲೆ ದಾಟಿ, ಹೊರಗಿನ ಬೇವಿನ ಮರದ ತುದಿಯಲ್ಲಿ ಹೋಗಿ ಕುಂತಿತು. ಕಾಗೆಗಳು ಬೆನ್ನು ಹತ್ತಿದವು. ಆಮೇಲೆ ಅದು ಕಾಣಲಿಲ್ಲ. ಅವ್ವ ತಂಗಿಗೆ ಬೈದಳು. ನಾನು ಸುಮ್ಮನೆ ನಿಂತಿದ್ದೆ. ಉಳಿದ ಹಸಿರು ಹಕ್ಕಿ ಎರಡು ದಿನ ಕೂಗಿ ಕೂಗಿ ಸುಮ್ಮನಾಯಿತು. ಆ ಮೇಲೆ ನಾನು ಇದರ ಬಗ್ಗೆ ಓದಿ, ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

1. ಇದು ಯಾವ ಹಕ್ಕಿ?

ನಾವು ಇದನ್ನು 'ಲವ್ ಬರ್ಡ್ಸ್' ಎಂದು ಕರೆಯುತ್ತೇವೆ. ಆದರೆ ನಿಜವಾದ ಲವ್ ಬರ್ಡ್ ಆಫ್ರಿಕಾ ಖಂಡದ ಹಕ್ಕಿ. ನಮ್ಮ ಮನೆಯದು ಬಜರಿಗಾರ್. ಇದರ ತವರು ಆಸ್ಟ್ರೇಲಿಯಾ. ಉದ್ದ ಸುಮಾರು 18 ಸೆಂಟಿಮೀಟರ್, ಅಂದರೆ ಒಂದು ಗೇಣು. ತೂಕ 30 ರಿಂದ 40 ಗ್ರಾಂ. ಕಾಡಿನಲ್ಲಿ ಇದರ ಬಣ್ಣ ಹಸಿರು ಮತ್ತು ಹಳದಿ. ನೀಲಿ, ಬಿಳಿ ಮುಂತಾದವು ಮನುಷ್ಯರು ಸಾಕಿ ಬೆಳೆಸಿದ ಬಣ್ಣಗಳು. 1840ರಲ್ಲಿ ಜಾನ್ ಗೌಲ್ಡ್ ಎಂಬ ಪಕ್ಷಿಶಾಸ್ತ್ರಜ್ಞರು ಇವನ್ನು ಜೀವಂತವಾಗಿ ಇಂಗ್ಲೆಂಡಿಗೆ ತಂದರು. ಅಲ್ಲಿಂದ ಜಗತ್ತಿನ ಎಲ್ಲ ಕಡೆ ಹರಡಿದವು.

2. ಪಾರಿವಾಳ ಮರಳಿ ಬರುತ್ತದೆ, ಇದು ಯಾಕೆ ಬರುವುದಿಲ್ಲ?

"ಪಾರಿವಾಳ ಬಿಟ್ಟರೆ ಮನಿಗೆ ಬರತೈತಿ, ಇದೂ ಬರಬೇಕಲ್ಲ?" ಎಂದು ನಮ್ಮ ಓಣಿಯ ಹುಡುಗರು ಕೇಳಿದರು. ಒಳ್ಳೆಯ ಪ್ರಶ್ನೆ.

ಪಾರಿವಾಳದ ಮೂಲ ವಂಶ ಬಂಡೆಗಳ ಸಂದಿನಲ್ಲಿ ಗೂಡು ಕಟ್ಟಿ, ದೂರ ಹೋಗಿ ಮೇಯ್ದು, ಅದೇ ಗೂಡಿಗೆ ಮರಳುವ ಹಕ್ಕಿ. ಸೂರ್ಯನ ದಿಕ್ಕು, ಭೂಮಿಯ ಕಾಂತಶಕ್ತಿ, ಊರಿನ ಗುರುತುಗಳು ಇವೆಲ್ಲ ಅದಕ್ಕೆ ದಾರಿ ತೋರಿಸುತ್ತವೆ. ಈ ಗುಣವನ್ನು ನಂಬಿಯೇ 1946ರಲ್ಲಿ ಒಡಿಶಾದ ಪೊಲೀಸರು ಪಾರಿವಾಳಗಳ ಮೂಲಕ ಸಂದೇಶ ಕಳಿಸುವ ಸೇವೆ ಆರಂಭಿಸಿದ್ದರು. ಆದರೂ ಹೊಸದಾಗಿ ತಂದ ಪಾರಿವಾಳವನ್ನು ಕೂಡಲೇ ಬಿಟ್ಟರೆ ಅದು ಹಳೆಯ ಮನೆಯ ಕಡೆ ಹೋಗುತ್ತದೆ, ಇಲ್ಲವೇ ದಾರಿ ತಪ್ಪುತ್ತದೆ. ಅದಕ್ಕೇ ಸಾಕುವವರು ಅದನ್ನು ಕೆಲವು ವಾರ ಜಾಳಿಗೆಯ ಗೂಡಿನಲ್ಲಿ ಇಟ್ಟು, ಸುತ್ತಲಿನ ಮಾಳಿಗೆ, ಗಿಡ ಎಲ್ಲ ಕಣ್ಣಿಗೆ ರೂಢಿಯಾದ ಮೇಲೆ, ಕಾಳು ಹಾಕುವ ಹೊತ್ತಿಗೆ ಮೊದಲು ಬಿಡುತ್ತಾರೆ. ಹಸಿದ ಹಕ್ಕಿ ದೂರ ಹೋಗುವುದಿಲ್ಲ.

ಬಜರಿಗಾರ್ ಹಾಗಲ್ಲ. ಆಸ್ಟ್ರೇಲಿಯಾದ ಒಣ ಸೀಮೆಯಲ್ಲಿ ಅದು ಹಿಂಡು ಕಟ್ಟಿಕೊಂಡು ನೀರು ಮತ್ತು ಹುಲ್ಲಿನ ಬೀಜ ಇದ್ದ ಕಡೆಗೆ ಅಲೆಯುತ್ತದೆ. ನೆಲೆ ನಿಂತು ಬಾಳುವ ಹಕ್ಕಿ ಅಲ್ಲ. ಅದರ ಜೊತೆ ಪಂಜರದಲ್ಲಿ ಹುಟ್ಟಿದ್ದು ನಮ್ಮ ಮನೆಯನ್ನು ಹೊರಗಿನಿಂದ ಒಮ್ಮೆಯೂ ನೋಡಿರುವುದಿಲ್ಲ. ಮ್ಯಾಲಿಂದ ನೋಡಿದರೆ ಯಾವ ಮಾಳಿಗೆ ನಮ್ಮದು ಎಂದು ಅದಕ್ಕೆ ಹೇಗೆ ತಿಳಿಯಬೇಕು? ನಾವು ಅಂದುಕೊಂಡ ಹಾಗೆ ಅದು ನಮ್ಮನ್ನು ಬಿಟ್ಟು ಓಡಿ ಹೋದದ್ದಲ್ಲ. ಬೆದರಿ ಹಾರಿತು, ದಾರಿ ತಪ್ಪಿತು. ಹೊರಗೆ ಕಾಗೆ, ಹದ್ದು, ಬಿಜ್ಜು, ಬೆಕ್ಕು ಇವೆ. ಬಟ್ಟಲಲ್ಲಿ ಹಾಕಿದ ನವಣೆ ತಿಂದು ಬೆಳೆದ ಹಕ್ಕಿಗೆ ತಾನೇ ಕಾಳು ಹುಡುಕುವ ರೂಢಿಯೂ ಇಲ್ಲ.

3. ಹಕ್ಕಿ ಹೊರಬೀಳುವ ದಾರಿಗಳು ಮತ್ತು ಉಪಾಯಗಳು

(ಅ) ಮನೆಯ ಬಾಗಿಲು: ನಮ್ಮ ಹಳ್ಳಿಯಲ್ಲಿ ತಲೆಬಾಗಿಲು ಮುಂಜಾನೆಯಿಂದ ಸಂಜೆವರೆಗೆ ತೆರೆದೇ ಇರುತ್ತದೆ. ಯಾರೋ ಬರುತ್ತಾರೆ, ಯಾರೋ ಹೋಗುತ್ತಾರೆ. ಆದ್ದರಿಂದ ಪಂಜರವನ್ನು ಪಡಸಾಲೆಯಲ್ಲಿ ತೆಗೆಯಬಾರದು. ಒಳಗಿನ ಕೋಣೆಗೆ ಒಯ್ದು, ಚಿಲಕ ಹಾಕಿ ತೆಗೆಯಬೇಕು. ಆಗ ಹಕ್ಕಿಗೂ ಬಯಲಿಗೂ ನಡುವೆ ಎರಡು ಬಾಗಿಲು ಆಗುತ್ತವೆ. ಒಂದು ಮರೆತರೂ ಇನ್ನೊಂದು ಕಾಯುತ್ತದೆ.

(ಆ) ಬೆಳಕಿಂಡಿ ಮತ್ತು ಕಿಟಕಿ: ಮಾಳಿಗೆ ಮನೆಯ ಬೆಳಕಿಂಡಿಯನ್ನು ನಾವು ಮರೆಯುತ್ತೇವೆ. ಹೆದರಿದ ಹಕ್ಕಿ ಬೆಳಕು ಕಂಡ ಕಡೆಗೇ ಹಾರುತ್ತದೆ. ಬೆಳಕಿಂಡಿಗೂ ಕಿಟಕಿಗೂ ತಂತಿಯ ಜಾಳಿಗೆ ಬಡಿಯಬೇಕು. ಗಾಜಿನ ಕಿಟಕಿ ಇದ್ದರೆ ಪರದೆ ಎಳೆಯಬೇಕು, ಇಲ್ಲವಾದರೆ ಗಾಜಿಗೆ ಬಡಿದು ಸಾಯುತ್ತದೆ.

(ಇ) ಪಂಜರದ ಬಾಗಿಲು: ಮೇಲಕ್ಕೆ ಎತ್ತುವ ಬಾಗಿಲನ್ನು ಈ ಹಕ್ಕಿಗಳು ಕೊಕ್ಕಿನಿಂದ ಎತ್ತಬಲ್ಲವು. ಬಟ್ಟೆಗೆ ಹಾಕುವ ಕ್ಲಿಪ್ ಸಿಕ್ಕಿಸಿದರೆ ಸಾಕು. ಪಂಜರದ ಕೆಳಗಿನ ತಟ್ಟೆಯನ್ನು ಹಿಕ್ಕೆ ತೆಗೆಯಲು ಎಳೆದಾಗ ಅಲ್ಲಿ ಸಂದಿ ಬೀಳುತ್ತದೆ, ಅದನ್ನೂ ನೋಡಬೇಕು. ತುಕ್ಕು ಹಿಡಿದ ಕಡ್ಡಿಗಳನ್ನು ವಾರಕ್ಕೊಮ್ಮೆ ಅಲುಗಾಡಿಸಿ ನೋಡಬೇಕು.

(ಈ) ಹೊರಗಿನ ಕಟ್ಟೆ: ಬ್ಯಾಸಗಿ ಸೆಕೆಗೆ ಪಂಜರವನ್ನು ಕಟ್ಟೆಯ ಮೇಲೆ ಇಡುತ್ತೇವೆ. ಇಡಬಹುದು, ಆದರೆ ನೆರಳಿನಲ್ಲಿ, ನಾವು ಹತ್ತಿರ ಕುಂತಾಗ ಮಾತ್ರ. ಬೆಕ್ಕು, ನಾಯಿ ಕೆಡವಿದರೆ ಬಾಗಿಲು ತೆರೆದುಕೊಳ್ಳುತ್ತದೆ. ಹೊರಗೆ ಇದ್ದಾಗ ನೀರು, ಕಾಳು ಬದಲಿಸಲೇಬಾರದು. ಜೋರು ಗಾಳಿ ಎದ್ದಾಗ, ದೀಪಾವಳಿ ಪಟಾಕಿ ಹೊತ್ತಿನಲ್ಲಿ ಒಳಗೆ ಇಡಬೇಕು.

(ಉ) ಕೋಣೆಯಲ್ಲಿ ಬಿಡುವಾಗ: ಫ್ಯಾನ್ ನಿಲ್ಲಿಸಬೇಕು. ನೀರಿನ ಕೊಡ, ಬಕೆಟ್ ಮುಚ್ಚಬೇಕು. ಒಲೆ ಉರಿಯುವಾಗ ಬಿಡಬಾರದು.

4. ರೆಕ್ಕೆ ಕತ್ತರಿಸಿದರೆ ಆಗುವುದಿಲ್ಲವೇ?

ಕೆಲವರು ರೆಕ್ಕೆಯ ಗರಿ ಕತ್ತರಿಸುತ್ತಾರೆ. ಅದನ್ನು ನಂಬಿ ಬಾಗಿಲು ತೆರೆದಿಡುವುದು ತಪ್ಪು. ಗಾಳಿ ಸಿಕ್ಕರೆ ಗರಿ ಕತ್ತರಿಸಿದ ಹಕ್ಕಿಯೂ ಸ್ವಲ್ಪ ದೂರ ತೇಲಿ ಹೋಗುತ್ತದೆ. ಹಳೆಯ ಗರಿ ಉದುರಿ ಹೊಸ ಗರಿ ಬಂದಾಗ ಮತ್ತೆ ಪೂರ್ತಿ ಹಾರುತ್ತದೆ. ಬೆಳೆಯುತ್ತಿರುವ ಗರಿಯಲ್ಲಿ ರಕ್ತ ಇರುತ್ತದೆ, ಅದನ್ನು ಕತ್ತರಿಸಿದರೆ ರಕ್ತ ಸೋರುತ್ತದೆ. ನಾವು ಮಕ್ಕಳು ಕತ್ತರಿ ಮುಟ್ಟಲೇಬಾರದು.

5. ಹಾರಿ ಹೋದರೆ ಏನು ಮಾಡಬೇಕು?

* ಕೂಗಬೇಡಿ, ಬೆನ್ನು ಹತ್ತಬೇಡಿ, ಕಲ್ಲು ಒಗೆಯಬೇಡಿ. ನಾವು ಓಡಿದಷ್ಟೂ ಅದು ದೂರ ಹೋಗುತ್ತದೆ.
* ಒಬ್ಬರು ಅಲ್ಲೇ ನಿಂತು ಅದು ಯಾವ ಗಿಡದ ಮೇಲೆ ಕುಂತಿತು ಎಂದು ಕಣ್ಣಿಟ್ಟು ನೋಡಬೇಕು.
* ಜೊತೆಯ ಹಕ್ಕಿ ಇದ್ದರೆ ಅದರ ಪಂಜರವನ್ನು ಭದ್ರವಾಗಿ ಮುಚ್ಚಿ ಮಾಳಿಗೆ ಮೇಲೆ ನೆರಳಿನಲ್ಲಿ ಇಡಬೇಕು. ಅದರ ಕೂಗು ಕೇಳಿ ಬರುವ ಸಾಧ್ಯತೆ ಹೆಚ್ಚು. ಪಕ್ಕದಲ್ಲಿ ಇನ್ನೊಂದು ಖಾಲಿ ಪಂಜರ ತೆರೆದಿಟ್ಟು ನವಣೆ, ನೀರು ಇಡಬೇಕು. ಒಬ್ಬರು ದೂರ ಕುಂತು ಕಾಯಬೇಕು.
* ಮುಂಜಾನೆ ಮತ್ತು ಸಂಜೆ ಮುಖ್ಯ. ಹೊತ್ತು ಮುಳುಗುವ ಮೊದಲು ಹಕ್ಕಿ ಒಂದು ಕಡೆ ಕುಂತುಬಿಡುತ್ತದೆ. ಕೈಗೆ ಎಟಕುವಷ್ಟು ಕೆಳಗೆ ಇದ್ದರೆ ದೊಡ್ಡವರು ಹಗುರಾದ ಟವೆಲ್ ಹಾಕಿ ಮೆತ್ತಗೆ ಹಿಡಿಯಬಹುದು.
* ಓಣಿಯ ಎಲ್ಲರಿಗೂ ತಿಳಿಸಬೇಕು. ಎರಡು ಮೂರು ದಿನ ಬಿಡದೆ ನೋಡಬೇಕು.

ನಾವು ಇದರಲ್ಲಿ ಒಂದನ್ನೂ ಮಾಡಲಿಲ್ಲ. ಗಿಡದ ಕೆಳಗೆ ಹತ್ತು ಹುಡುಗರು ಕೂಡಿ ಗದ್ದಲ ಮಾಡಿದೆವು.

6. ಹಸಿರು ಗಿಳಿಯ ಮಾತು ಬೇರೆ

ನಮ್ಮ ಹೊಲದ ಸೂರ್ಯಕಾಂತಿ, ಜೋಳಕ್ಕೆ ಬರುವ ಗಿಳಿ ನಮ್ಮ ನಾಡಿನ ಕಾಡುಹಕ್ಕಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದನ್ನು ಹಿಡಿಯುವುದು, ಮಾರುವುದು, ಪಂಜರದಲ್ಲಿ ಸಾಕುವುದು ಅಪರಾಧ. ಅದು ಹೊರಗೆ ಹೋಗದಂತೆ ಕಾಯುವುದಲ್ಲ, ಒಳಗೆ ತರದಂತೆ ಇರುವುದೇ ನಮ್ಮ ಕೆಲಸ. ಯಾರ ಮನೆಯಲ್ಲಾದರೂ ಮರಿಯಿಂದ ಸಾಕಿದ ಗಿಳಿ ಇದ್ದರೆ ಸುಮ್ಮನೆ ಹಾರಿಬಿಡಬಾರದು, ಅದಕ್ಕೆ ಹೊರಗೆ ಬದುಕಲು ಗೊತ್ತಿರುವುದಿಲ್ಲ. ಅರಣ್ಯ ಇಲಾಖೆಗೆ ತಿಳಿಸಬೇಕು.

ನಿಮಗೆ ಗೊತ್ತೇ? ಇದೇ ಜಾತಿಯ ಗಿಳಿಗಳು ಇಂಗ್ಲೆಂಡಿನಲ್ಲಿ ಸಾಕಿದವರ ಕೈಯಿಂದ ತಪ್ಪಿಸಿಕೊಂಡು, ಸುಮಾರು 1970ರಿಂದ ಲಂಡನ್ ಸುತ್ತಮುತ್ತ ಮರಿ ಮಾಡಿ ಈಗ ಸಾವಿರಾರು ಆಗಿವೆ. ಅಲ್ಲಿನ ಹಕ್ಕಿಗಳ ಪೊಟರೆ, ಆಹಾರಕ್ಕೆ ಪೈಪೋಟಿ ಮಾಡುತ್ತವೆ. ಆದ್ದರಿಂದ ತಪ್ಪಿಸಿಕೊಂಡ ಹಕ್ಕಿ ಸತ್ತರೂ ನಷ್ಟ, ಬದುಕಿದರೂ ಒಮ್ಮೊಮ್ಮೆ ತೊಂದರೆ.

7. ಕೊನೆಯ ಮಾತು

ತಪ್ಪು ನನ್ನದು ಎಂದು ನಾನು ಮನೆಯಲ್ಲಿ ಹೇಳಲಿಕ್ಕೆ ನಾಲ್ಕು ದಿನ ಬೇಕಾಯಿತು. ಅಜ್ಜ ಬೈಯಲಿಲ್ಲ. "ಬಾಗಲಾ ಹಾಕೇದೇನು ಅಂತ ಕೇಳಬ್ಯಾಡ್ರಿ. ಪಂಜರ ತೆಗಿಯಾಂವ ತಾನೇ ಹೋಗಿ ಚಿಲಕ ಮುಟ್ಟಿ ನೋಡಬೇಕು" ಅಂದ. ಈಗ ನಮ್ಮ ಮನೆಯಲ್ಲಿ ಇದೇ ನಿಯಮ. ತಂಗಿ ದಿನಾ ಚಿಲಕ ಮುಟ್ಟಿ ನೋಡಿಯೇ ಪಂಜರ ತೆಗೆಯುತ್ತಾಳೆ. ನಾನು "ಹಾಕೀನಿ" ಎಂದರೂ ಮುಟ್ಟಿ ನೋಡುತ್ತಾಳೆ.

ಉತ್ತರಿಸಿರಿ:
1. ಪಾರಿವಾಳಕ್ಕೂ ಬಜರಿಗಾರ್‌ಗೂ ಇರುವ ವ್ಯತ್ಯಾಸವೇನು?
2. ನಿಮ್ಮ ಮನೆಯಲ್ಲಿ ಹಕ್ಕಿ ಹೊರಗೆ ಹೋಗಬಹುದಾದ ದಾರಿಗಳು ಎಷ್ಟು? ಎಣಿಸಿ ಬರೆಯಿರಿ.
3. ಹೊಲದ ಗಿಳಿಯನ್ನು ಪಂಜರದಲ್ಲಿ ಯಾಕೆ ಸಾಕಬಾರದು?